ಟೈಮ್ ಆಫೀಸಿನ ಯಜಮಾನರೂ ನನ್ನ ಇಂಗ್ಲಿಷೂ

ಅವರು ತೀರಿಕೊಂಡ ಸುದ್ದಿ ನನಗೆ ಇಂಗ್ಲಿಷಿನಲ್ಲಿ ಬಂತು. ಫ್ಯಾಕ್ಟರಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಎರಡು ಸಾಲು ಹಾಕಿದ್ದರು. ಅದರ ಕೆಳಗೆ ಮುಗಿದ ಕೈಗಳ ಚಿತ್ರ ಸಾಲುಗಟ್ಟಿತ್ತು. ಅವರೇ ಇದ್ದಿದ್ದರೆ, "ಇದನ್ನ ಬರ್ದೋನು ಅತ್ನಾ ಇಲ್ವಾ, ಮೊದ್ಲು ಅದ್ ಹೇಳಿ" ಎಂದು ಕೇಳುತ್ತಿದ್ದರು. ನಾನಂತೂ ಅಳಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನನಗೆ ಮೊದಲು ಆದದ್ದು ನಿರಾಳ. ಸದ್ಯ, ಇನ್ನು ನನ್ನನ್ನು ಕಂಡು ಸುಮ್ಮನಾಗುವವರು ಯಾರೂ ಇಲ್ಲ ಎನ್ನಿಸಿತು. ಆ ಪಾಪಿ ನಿರಾಳ ಯಾಕೆ ಬಂತು ಎಂದು ಹೇಳದೆ ಅವರ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ.

ನಮ್ಮದು ಸೋಂಪುರದ ಕೈಗಾರಿಕಾ ಪ್ರದೇಶದಲ್ಲಿ ತಗಡು ಒತ್ತಿ ಗಾಡಿಗಳ ಬಿಡಿಭಾಗ ಮಾಡುವ ಫ್ಯಾಕ್ಟರಿ. ಹೆಸರು ಬೇಡ, ಇನ್ನೂ ಅಲ್ಲೇ ಅನ್ನ ತಿನ್ನುತ್ತಿದ್ದೇನೆ. ನಾನು ಎಚ್.ಆರ್. ವಿಭಾಗದಲ್ಲಿದ್ದೇನೆ. ಅವರು ಗೇಟಿನ ಪಕ್ಕದ ಟೈಮ್ ಆಫೀಸಿನಲ್ಲಿ ಎಲ್ಲರ ಹಾಜರಿ ನೋಡಿಕೊಳ್ಳುತ್ತಿದ್ದರು. ಬೆರಳೊತ್ತುವ ಯಂತ್ರ ಬಂದ ಮೇಲೂ ದಪ್ಪ ರಿಜಿಸ್ಟರ್ ಬಿಡಲಿಲ್ಲ. ಫ್ಯಾಕ್ಟರಿ ನಿಂತಿರುವ ನೆಲದಲ್ಲಿ ಒಂದು ತುಂಡು ಅವರ ಮನೆತನದ ರಾಗಿ ಹೊಲವಂತೆ. ಯೂನಿಫಾರಂ ಶರ್ಟಿನ ಹೆಗಲ ಮೇಲೆ ಮಡಿಚಿದ ಟವೆಲ್ ಹಾಕಿಕೊಂಡು, ಮನೆಯ ಜಗಲಿಯ ಮೇಲೆ ಕೂತವರ ಹಾಗೆ ಕೂರುತ್ತಿದ್ದರು. ಎಲ್ಲರೂ ಅವರನ್ನು ಯಜಮಾನರು ಅಂತಲೇ ಕರೆಯುತ್ತಿದ್ದರು. ನನಗೆ ಆ ಮಾತೇ ಆಗುತ್ತಿರಲಿಲ್ಲ. ನಾನು ಸಾರ್ ಎನ್ನುತ್ತಿದ್ದೆ.

ಎಂಟು ರಾಜ್ಯಗಳ ಜನ ಆ ಗೇಟಿನೊಳಗೆ ಬರುತ್ತಾರೆ. ಒಬ್ಬೊಬ್ಬರ ಭಾಷೆಯಲ್ಲೂ ಯಜಮಾನರು ಮೂರು ಪ್ರಶ್ನೆ ಕಲಿತಿದ್ದರು. ಊಟ ಆಯ್ತಾ, ತಾಯಿ ಹೇಗಿದ್ದಾರೆ, ಎಲ್ಲಿ ನೋಯ್ತಿದೆ. ತಮಿಳಿನ ಹೆಂಗಸರಿಗೆ "ಸಾಪ್ಟಾಚಾ" ಎನ್ನುವರು, ಒಡಿಶಾದವರಿಗೆ "ಖಾಇಲ ಕಿ" ಎನ್ನುವರು. ಹಿಂದೂಪುರದ ಕಡೆಯವರ ಜೊತೆ ತೆಲುಗಿನಲ್ಲಿ ಜಗಳವನ್ನೂ ಆಡುವರು. ಉಳಿದ ಭಾಷೆಗಳಲ್ಲಿ ಮೂರು ಪ್ರಶ್ನೆ ಮುಗಿದರೆ ಬಂಡವಾಳ ಖಾಲಿ. ಆಮೇಲೆ ಕೈ, ಕಣ್ಣು, ಹುಬ್ಬುಗಳಲ್ಲೇ ವ್ಯವಹಾರ. ಇಂಗ್ಲಿಷಿನ ಒಂದು ವಾಕ್ಯ ಮಾತ್ರ ಅವರ ಬಾಯಿಂದ ನಾನು ಕೇಳಿದ್ದೇ ಇಲ್ಲ. ಬರುವುದಿಲ್ಲ ಎಂದು ಕೆಲವರು ಹೇಳುತ್ತಿದ್ದರು. ನನಗೆ ಅನುಮಾನ. ಇಂಗ್ಲಿಷ್ ಪತ್ರ ಮೇಜಿನ ಮೇಲಿಟ್ಟರೆ ಕಣ್ಣು ಸರಿಯಾದ ಸಾಲಿಗೇ ಹೋಗಿ ನಿಲ್ಲುತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವವರನ್ನು ನಂಬುವುದು ಹೇಗೆ?

ಒಂದು ದಿನ ಕೇಳಿಯೇಬಿಟ್ಟೆ.

"ಸಾರ್, ಇಂಗ್ಲಿಷ್ ಕಂಡ್ರೆ ನಿಮಗ್ಯಾಕೆ ಅಷ್ಟು ಉರಿ?"

"ಉರಿ ಎಲ್ಲಿ ಕಣಮ್ಮ. ಅನುಮಾನ. ಇಲ್ಲಿರೋರಲ್ಲಿ ಅದು ಯಾರ ಮನೇ ಮಾತು ಹೇಳು? ನಿಂದಲ್ಲ, ನಂದಲ್ಲ, ಮ್ಯಾನೇಜರ್‌ದೂ ಅಲ್ಲ. ಅದ್ರಲ್ಲಿ ಸುಳ್ ಹೇಳಿದ್ರೆ ಅವ್ವ ಬೈದಂಗೆ ಆಗಕಿಲ್ಲ. ಅದಕ್ಕೇ ಎಲ್ರಿಗೂ ಇಷ್ಟ."

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಸೂಲಿಬೆಲೆ ಕಡೆಯ ಹಳ್ಳಿಯವಳು. ನಮ್ಮ ಕೇರಿ ಊರಿನ ಹೊರಗಿತ್ತು. ನಮ್ಮಪ್ಪ ದೊಡ್ಡವರ ಮನೆಯ ದನ ನೋಡಿಕೊಂಡು, ಡೇರಿಗೆ ಹಾಲಿನ ಕ್ಯಾನು ಹೊತ್ತು ನನ್ನನ್ನು ಓದಿಸಿದರು. ಆ ಮನೆಯ ಏಳು ವರ್ಷದ ಹುಡುಗ ಕೂಡ ಅವರನ್ನು "ಲೇ, ಬಾರ್ಲಾ" ಎಂದೇ ಕರೆಯುತ್ತಿದ್ದ. ಅದೆಲ್ಲ ನಡೆದದ್ದು ಅಚ್ಚ ಕನ್ನಡದಲ್ಲಿ. ನಾನು ಮೊದಲ ಕೆಲಸದ ಸಂದರ್ಶನಕ್ಕೆ ಹೋದಾಗ, ಇಂಗ್ಲಿಷಿನಲ್ಲಿ ಮಾತಾಡಿದಷ್ಟು ಹೊತ್ತೂ ಯಾರೂ ನನ್ನ ಊರು ಯಾವುದು, ಕೇರಿ ಯಾವುದು ಎಂದು ಕೇಳಲಿಲ್ಲ. ಕುರ್ಚಿ ತೋರಿಸಿ ಕೂರಿಸಿದರು. ಆ ಕುರ್ಚಿ ನನಗೆ ಕೊಟ್ಟದ್ದು ಇಂಗ್ಲಿಷು.

"ನಿಮ್ ಕನ್ನಡದಲ್ಲಿ, ಹಾಲಿನ ಕ್ಯಾನ್ ಹೊತ್ತು ನನ್ನ ಓದಿಸಿದ ನಮ್ಮಪ್ಪನ್ನ ಏನಂತ ಕರೀತಿದ್ರು ಅಂತ ಗೊತ್ತಾ ಸಾರ್? ನಿಮ್ಮಂಥೋರ್ಗೆ ಮನೇ ಮಾತು ಬೆಚ್ಚಗಿರುತ್ತೆ. ನಮಗೆ ಅದೇ ಬೆತ್ತ ಆಗಿತ್ತು" ಎಂದು ಗೇಟಿನಲ್ಲಿ ನಾಲ್ಕು ಜನ ಕೇಳುವ ಹಾಗೆ ಕೂಗಾಡಿದೆ.

ಅವರು ಟವೆಲ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮರುದಿನದಿಂದ ಶುರುವಾಯಿತು ನೋಡಿ ನಾಟಕ. ನಾನು ಗೇಟಿಗೆ ಬಂದರೆ ಎದ್ದು ನಿಲ್ಲುವುದು, "ಬನ್ನಿ ಮೇಡಂ, ತಾವು ಊಟ ಮಾಡಿದ್ರಾ" ಎನ್ನುವುದು. ಒಂದು ವಾರ ಸಹಿಸಿದೆ. ಎಂಟನೇ ದಿನ, "ಸಾಕು ನಿಲ್ಸಿ ಸಾರ್, ಅಣಕ ಮಾಡ್ತಿದ್ದೀರಾ?" ಎಂದೆ.

"ಅಣಕ ಅಲ್ಲ ಕಣಮ್ಮ. ನಮ್ಮಪ್ಪ ನಿಮ್ಮಪ್ಪನಂಥೋರ್ನ ಕರೀತಿದ್ದಿದ್ದು ಇನ್ನೂ ನನ್ ಕಿವೀಲೈತೆ. ನಾನೂ ಚಿಕ್ಕೋನಾಗಿದ್ದಾಗ ಕರ್ದಿದ್ದೀನಿ. ಬಾಯಿಗೆ ಬೇರೆ ಅಭ್ಯಾಸ ಮಾಡಸ್ತಿದ್ದೆ."

ಆಗಲೂ ನಂಬಲಿಲ್ಲ ನಾನು. ರಿಟೈರ್ ಆಗುವ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಬುದ್ಧಿ ಬಂತಂತೆ, ಕೇಳಿದಿರಾ! ಅವರು ಮ್ಯಾನೇಜ್‌ಮೆಂಟಿನ ಕಿವಿ ಎಂದು ಕೂಡ ನನಗೆ ಗುಮಾನಿಯಿತ್ತು. ಮೊಮ್ಮಗಳನ್ನು ನೆಲಮಂಗಲದ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನು ಹತ್ತಿಸುವುದನ್ನು ಕಣ್ಣಾರೆ ಕಂಡ ದಿನ ನನಗೆ ಹಬ್ಬ. ಮರುದಿನ ಬೆಳಿಗ್ಗೆಯೇ ಹಿಡಿದೆ. "ಏನ್ ಸಾರ್, ಊರಿಗೆಲ್ಲ ಉಪದೇಶ, ಮೊಮ್ಮಗಳಿಗೆ ಕಾನ್ವೆಂಟಾ?" ಅವರು ಬೊಚ್ಚುಬಾಯಿ ಬಿಟ್ಟು ನಕ್ಕರು. "ಕಳ್ಳನ ಮನೆ ಬಾಗ್ಲು ಎತ್ತ ಕಡೆ ಐತೆ ಅಂತ ಮಗೀಗೆ ಗೊತ್ತಿರಬೇಕಲ್ಲಮ್ಮ" ಎಂದರು. ಹೀಗೆ ಮಾತಾಡುವವರ ಜೊತೆ ಜಗಳ ಆಡಿ ಗೆಲ್ಲುವುದುಂಟೇ?

ಇಂಗ್ಲಿಷಿನ ಪರವಾಗಿ ನಮ್ಮ ಮ್ಯಾನೇಜರ್ ಹೇಳುತ್ತಿದ್ದದ್ದರಲ್ಲೂ ನ್ಯಾಯವಿತ್ತು. ಒಮ್ಮೆ ಕ್ಯಾಂಟೀನಿನ ಬೋರ್ಡಿನಲ್ಲಿ ಹಿಂದಿ ನೋಟಿಸ್ ಹಾಕಿದಾಗ ನಮ್ಮ ಊರಿನ ಹುಡುಗರು ಮಸಿ ಬಳಿದರು. ಬರಿಯ ಕನ್ನಡದಲ್ಲಿ ಹಾಕಿದಾಗ ಉಳಿದವರು ನಾವೇನು ಮನುಷ್ಯರಲ್ಲವಾ ಎಂದು ಗಲಾಟೆ ಮಾಡಿದರು. ಇಂಗ್ಲಿಷಿನಲ್ಲಿ ಹಾಕಿದ ಮೇಲೆ ಜಗಳ ನಿಂತಿತು. ಯಾರೂ ಓದಲಿಲ್ಲ, ಯಾರೂ ಹೊಡೆದಾಡಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಯಜಮಾನರು ಮಾತ್ರ ಒಪ್ಪಲಿಲ್ಲ. ಅವರ ಊರಿನ ಪಂಚಾಯ್ತಿಕಟ್ಟೆಯಲ್ಲಿ ಹಿಂದೆ ಒಂದು ಪದ್ಧತಿ ಇತ್ತಂತೆ. ತೀರ್ಪು ಕೊಟ್ಟವರು ಸೋತವನ ಎದುರು ಕೂತು ಅದನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಅವನು ತನ್ನ ಮಾತಿನಲ್ಲಿ ಅದನ್ನು ತಿರುಗಿ ಹೇಳಬೇಕು. ಅಲ್ಲಿಯವರೆಗೆ ಕಟ್ಟೆಯಿಂದ ಯಾರೂ ಏಳುವ ಹಾಗಿಲ್ಲ, ಎಲೆ ಅಡಿಕೆ ಹಂಚುವ ಹಾಗಿಲ್ಲ. ಅದನ್ನು ಫ್ಯಾಕ್ಟರಿಗೂ ತಂದರು ಪುಣ್ಯಾತ್ಮರು. ಯಾವ ಕಾಗದವೇ ಬರಲಿ, "ಬರ್ದೋರು ಬಂದು ಬಾಯಲ್ಲಿ ಹೇಳ್ಲಿ, ಕೇಳ್ದೋರು ತಿರುಗಿ ಹೇಳ್ಲಿ" ಎನ್ನುವರು. ಒಂದು ಸಲ ನಾನು, ವಿರಾಮದ ವೇಳೆಯನ್ನು ಉತ್ಪಾದಕತೆಗೆ ಹೊಂದಿಸಲಾಗಿದೆ ಎಂಬ ಅರ್ಥದ ಚಂದದ ಇಂಗ್ಲಿಷ್ ನೋಟಿಸ್ ಬರೆದಿದ್ದೆ. ಟೈಮ್ ಆಫೀಸಿನ ಮುಂದೆ ನಿಲ್ಲಿಸಿ ಹೇಳಿಸಿದರು. ನಾನು ಹೇಳಿ ಮುಗಿಸಿದ ಮೇಲೆ ಕೃಷ್ಣಗಿರಿಯ ಹೆಂಗಸೊಬ್ಬಳು ತಿರುಗಿ ಹೇಳಿದಳು: "ಸಾಯಂಕಾಲದ ಟೀ ಇಲ್ಲ." ಅಷ್ಟೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಕುದಿಯುತ್ತಿದ್ದೆ.

ಆಮೇಲೆ ದಿಬಾಕರನ ಕೈ ಯಂತ್ರಕ್ಕೆ ಸಿಕ್ಕಿತು.

ದಿಬಾಕರ ಒಡಿಶಾದವನು, ಪ್ರೆಸ್ ಷಾಪಿನಲ್ಲಿ ಆಪರೇಟರ್, ಮೂವತ್ತರ ಆಸುಪಾಸು, ಮಾತು ಕಡಿಮೆ. ತಗಡು ಒತ್ತುವ ಆ ಯಂತ್ರಕ್ಕೆ ಕೈ ಒಳಗೆ ಹೋಗದ ಹಾಗೆ ಕಂಬಿಯ ಗಾರ್ಡ್ ಇರುತ್ತದೆ. ಗಾರ್ಡ್ ಇದ್ದರೆ ಕೆಲಸ ನಿಧಾನ. ಆರ್ಡರ್ ಮುಗಿಯುವ ತನಕ ತೆಗೆಯಿರಿ ಎಂದು ಮೂರು ವಾರ ಮುಂಚೆ ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು. ಆ ಮೀಟಿಂಗಿನ ನಡಾವಳಿ ಬರೆದವಳು ನಾನೇ. ಆ ಮಾತೊಂದನ್ನು ನಡಾವಳಿಯಲ್ಲಿ ಹಾಕಬೇಡ ಎಂದರು, ಹಾಕಲಿಲ್ಲ. ಅವನ ಬಲಗೈಯ ಎರಡು ಬೆರಳು ಹೋದವು.

ಅವನು ಆಸ್ಪತ್ರೆಯಿಂದ ಬಂದ ಮೇಲೆ ಅವನ ಹೇಳಿಕೆ ತಯಾರು ಮಾಡು ಎಂದರು ಮ್ಯಾನೇಜರ್. ಮಾಡಿದೆ. ನನ್ನ ಜೀವಮಾನದಲ್ಲೇ ಅಷ್ಟು ನಯವಾದ ಇಂಗ್ಲಿಷ್ ಬರೆದಿರಲಿಲ್ಲ. ಅದರಲ್ಲಿ ಗಾರ್ಡ್ ತೆಗೆದವರು ಯಾರೂ ಇರಲಿಲ್ಲ. ಜಾಗರೂಕನಾಗಿರಬೇಕಾದ ಆಪರೇಟರ್ ಒಬ್ಬ ಮಾತ್ರ ಇದ್ದ, ಅವನು ಜಾಗರೂಕನಾಗಿರಲಿಲ್ಲ. ಯಾರು ಯಾವ ಹೊತ್ತಿಗೆ ಒಳಗಿದ್ದರು ಎಂಬುದಕ್ಕೆ ಟೈಮ್ ಆಫೀಸಿನ ಸಾಕ್ಷಿ ಸಹಿ ಬೇಕು. ಹಾಗಾಗಿ ದಿಬಾಕರನನ್ನೂ ಕಾಗದವನ್ನೂ ಅಲ್ಲಿಗೆ ಕರೆದುಕೊಂಡು ಹೋದೆ.

ಯಜಮಾನರು ಕಾಗದ ನೋಡಿದರು. ಕಣ್ಣು ಸರಿಯಾದ ಸಾಲಿಗೇ ಹೋಯಿತು. ದಿಬಾಕರನಿಗೆ ಸ್ಟೂಲ್ ಎಳೆದು ಹಾಕಿ, ನನ್ನನ್ನು ಎದುರಿನ ಸ್ಟೂಲಿನಲ್ಲಿ ಕೂರಿಸಿದರು.

"ಹೇಳವ್ವ."

"ಅವನಿಗೆ ಒಡಿಯಾ ಬಿಟ್ರೆ ಏನೂ ಸರಿಯಾಗಿ ಬರಲ್ಲ ಸಾರ್."

"ಐದು ವರ್ಷದಿಂದ ಕನ್ನಡದೋರ್ ಜೊತೆ ಅವ್ನೆ. ಕನ್ನಡ ಅರ್ಥ ಆಯ್ತದೆ. ಹೇಳು."

ದಿಬಾಕರ ಬ್ಯಾಂಡೇಜಿನ ಕೈಯನ್ನು ಎದೆಗೆ ಆನಿಸಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಶುರು ಮಾಡಿದೆ. "ದಿಬಾಕರ್, ಇದರಲ್ಲಿ ಏನಿದೆ ಅಂದ್ರೆ, ನಿನ್ನ ತಪ್ಪಿನಿಂದ..." ಇಂಗ್ಲಿಷಿನಲ್ಲಿ ಮೂರು ಕರಡು ಮಾಡಿದ್ದವಳಿಗೆ ಕನ್ನಡದಲ್ಲಿ ಒಂದು ಸಾಲು ಆಗಲಿಲ್ಲ. ಫೋನ್ ಬಂತು ಎಂದು ಸುಳ್ಳು ಹೇಳಿ ಎದ್ದು ಬಂದುಬಿಟ್ಟೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಎರಡು ದಿನ ಬಿಟ್ಟು ಯಜಮಾನರು ಹೆಂಡತಿಯ ಕಣ್ಣಿನ ಆಪರೇಷನ್‌ಗೆ ರಜೆ ಹಾಕಿದರು. ಅವತ್ತೇ ದಿಬಾಕರನನ್ನು ನನ್ನ ಕ್ಯಾಬಿನ್ನಿಗೆ ಕರೆಸಿದೆ. ಟೀ ತರಿಸಿಕೊಟ್ಟೆ. ನಿನಗೆ ಹಗುರ ಕೆಲಸ ಕೊಡ್ತಾರೆ, ಇಲ್ಲೊಂದು ಸಹಿ ಹಾಕು ಪ್ಲೀಸ್ ಎಂದೆ. ಅವನು ಕಾಗದವನ್ನು ಸ್ವಲ್ಪ ಹೊತ್ತು ನೋಡಿದ, ಎಡಗೈಯಲ್ಲಿ ಪೆನ್ನು ಹಿಡಿದು ಸೊಟ್ಟಪಟ್ಟ ಸಹಿ ಹಾಕಿದ. ಸಾಕ್ಷಿಗೆ ಸೆಕ್ಯೂರಿಟಿಯವನ ಸಹಿ ಹಾಕಿಸಿಕೊಂಡೆ. ಪಾಪ, ಅವನಿಗೇನು ಅರ್ಥವಾಗುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ.

ಯಜಮಾನರು ರಜೆಯಿಂದ ಬಂದು ಫೈಲು ನೋಡಿದರು. ಬೈದಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ. ಬೈಯಲಿಲ್ಲ. ನನಗೆ ಊಟ ಆಯ್ತಾ ಎಂದು ಕೇಳುವುದನ್ನು ನಿಲ್ಲಿಸಿದರು. ನನ್ನ ಹಿಂದೆ ಬಂದವರಿಗೆ ಕೇಳುವರು, ಮುಂದೆ ಹೋದವರಿಗೆ ಕೇಳುವರು, ನಾನು ಗೇಟು ದಾಟುವಾಗ ರಿಜಿಸ್ಟರ್ ನೋಡುವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಯಾರ ಜೊತೆ ಪಿಸುಗುಟ್ಟಿದರೂ ನನ್ನ ವಿಷಯವೇ ಎಂದು ನನಗನಿಸುತ್ತಿತ್ತು. ಹಿಂದಿನ ಗೇಟಿನಿಂದ ಬರಲು ಶುರು ಮಾಡಿದೆ.

ಹಗುರ ಕೆಲಸ ಎರಡು ತಿಂಗಳೂ ಉಳಿಯಲಿಲ್ಲ. ಕಾಂಟ್ರಾಕ್ಟ್ ಮುಗಿಯಿತು ಎಂದು ದಿಬಾಕರನನ್ನು ಕಳಿಸಿದರು. ಅವನೇ ಬರೆದುಕೊಟ್ಟ ಹೇಳಿಕೆ ಇದೆಯಲ್ಲ, ಹಾಗಾಗಿ ಪರಿಹಾರವೂ ಇಲ್ಲ. ಅಷ್ಟರಲ್ಲಿ ಯಜಮಾನರೂ ರಿಟೈರ್ ಆದರು. ರಿಟೈರ್ ಆದವರು ಮನೆಯಲ್ಲಿ ಕೂರದೆ, ದಿಬಾಕರನಿಗೆ ಅರ್ಜಿ ಬರೆದುಕೊಟ್ಟು ಕಾರ್ಮಿಕ ಇಲಾಖೆಗೆ ಓಡಾಡಿಸುತ್ತಿದ್ದಾರೆ ಎಂದು ಸುದ್ದಿ ಬಂತು. ಗಾರ್ಡ್ ತೆಗೆಸಿದ್ದು ಯಾರು ಎಂದು ಅಲ್ಲಿ ಕೇಳುತ್ತಿದ್ದರಂತೆ. ಯಜಮಾನರು ಆ ಮೀಟಿಂಗಿನಲ್ಲಿ ಇರಲಿಲ್ಲ. ಇದ್ದವರಲ್ಲಿ ಬಾಯಿ ಬಿಡಬಲ್ಲವಳು ನಾನೊಬ್ಬಳೇ. ಇಂದಲ್ಲ ನಾಳೆ ಅವರು ಬಂದು ನನ್ನ ಮುಂದೆ ನಿಲ್ಲುತ್ತಾರೆ ಎಂದು ದಿನವೂ ಹೆದರುತ್ತಿದ್ದೆ. ಅವರು ಬರಲೇ ಇಲ್ಲ. ಎದೆ ನೋವು ಎಂದು ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಆ ನಿರಾಳ ಯಾಕೆ ಅಂತ ಈಗ ತಿಳಿಯಿತಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋದೆ. ಹೋಗದಿದ್ದರೆ ಜನ ಏನಂದುಕೊಳ್ಳುತ್ತಾರೋ ಎಂಬ ಹೆದರಿಕೆಯಿಂದಲೇ ಹೋದೆ. ಮನೆಯ ಮುಂದೆ ಶಾಮಿಯಾನ, ಉದ್ದಕ್ಕೂ ಎಲೆ ಹಾಕಿದ್ದರು. ದಿಬಾಕರ ಬಕೆಟ್ ಹಿಡಿದು ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ. ಬಕೆಟ್ಟಿನ ಹಿಡಿಯನ್ನು ಬಲಗೈಯ ಮೊಣಕೈಗೆ ನೇತುಹಾಕಿಕೊಂಡು ಎಡಗೈಯಲ್ಲಿ ಸೌಟು ಹಿಡಿದಿದ್ದ. ಆ ಮನೆಯಲ್ಲಿ ಎಡಗೈಯಲ್ಲಿ ಬಡಿಸಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ನನ್ನ ಎಲೆಗೂ ಬಡಿಸಿದ.

ಕೈ ತೊಳೆಯುವ ಜಾಗದಲ್ಲಿ ಅವನನ್ನು ತಡೆದೆ.

"ದಿಬಾಕರ್, ಅವತ್ತು ನಿನಗೆ ಓದಿ ಹೇಳದೆ ಸಹಿ ಹಾಕಿಸಿಕೊಂಡೆ. ನಿನಗೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಿದ್ದೂ..."

"ಬರ್ತದೆ ಮೇಡಂ."

ಅವನು ಬಕೆಟ್ ಕೆಳಗಿಟ್ಟ.

"ಐಟಿಐ ಪಾಸ್ ನಾನು. ಪುಸ್ತಕ ಎಲ್ಲಾ ಇಂಗ್ಲಿಷ್. ಮಾತಾಡೋದು ಬರಲ್ಲ, ಓದೋದು ಬರ್ತದೆ. ನಿಮ್ ಕಾಗದ ಫುಲ್ ಓದಿದ್ದೆ. ನನ್ನ ಮಿಸ್ಟೇಕ್ ಅಂತ ಬರ್ದಿತ್ತು."

"ಮತ್ತೆ ಯಾಕಪ್ಪಾ ಸಹಿ ಹಾಕ್ದೆ?"

"ಹಾಕಿಲ್ಲ ಅಂದ್ರೆ ಕೆಲಸ ಹೋಗ್ತದೆ, ಕಂಪನಿ ರೂಮ್ ಹೋಗ್ತದೆ. ನೀವು ಹಗುರ ಕೆಲಸ ಕೊಡ್ತಾರೆ ಅಂದ್ರಿ. ನೀವು ಒಳ್ಳೇ ಮೇಡಂ, ಎಲ್ರಿಗೂ ಪ್ಲೀಸ್ ಅಂತೀರ. ಸುಳ್ ಹೇಳಲ್ಲ ಅಂದ್ಕೊಂಡೆ."

ಐದು ವರ್ಷ ಅವನ ಜೊತೆ ಕೆಲಸ ಮಾಡಿದೆವು. ಅವನಿಗೆ ಓದಲು ಏನು ಬರುತ್ತದೆ ಎಂದು ನಾನೂ ಕೇಳಿರಲಿಲ್ಲ, ಮೂರು ಪ್ರಶ್ನೆಯ ಯಜಮಾನರೂ ಕೇಳಿರಲಿಲ್ಲ. ಅವರು ಭಾಷೆಯ ಮೇಲೆ ತಪ್ಪು ಹೊರಿಸಿದ್ದರು, ನಾನು ಅದೇ ಭಾಷೆಯ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ನಾವಿಬ್ಬರೂ ಅವನನ್ನು ಏನೂ ತಿಳಿಯದವನು ಎಂದೇ ಎಣಿಸಿದ್ದೆವು.

"ಇದು ಯಜಮಾನರಿಗೆ ಗೊತ್ತಿತ್ತಾ?"

"ಮೌಸಾಗೆ ಆಮೇಲೆ ಹೇಳ್ದೆ." ಮೌಸಾ ಎಂದರೆ ಅವರ ಕಡೆ ಚಿಕ್ಕಮ್ಮನ ಗಂಡ, ಹಿರಿಯರನ್ನು ಹಾಗೆ ಕರೆಯುತ್ತಾರೆ. "ಟವೆಲ್ ತೆಗೆದು ಮಡಿಲಲ್ಲಿ ಇಟ್ಕೊಂಡ್ರು. ಆಮೇಲೆ ಅಂದ್ರು, ಆ ಹೆಣ್ಮಗೀಗೆ ಇದನ್ನ ಹೇಳ್ಬೇಡ. ನಿಂಗೆ ಅರ್ಥ ಆಗ್ಲಿಲ್ಲ ಅಂತ್ಲೇ ಅವಳು ಅಂದ್ಕೊಂಡಿರ್ಲಿ, ಗೊತ್ತಾದ್ರೆ ಅವಳಿಗೆ ನಿದ್ದೆ ಬರಲ್ಲ ಅಂದ್ರು. ನಿಮ್ಮನ್ನ ಸಾಕ್ಷಿಗೆ ಕರೀರಿ ಅಂತ ನಾನಂದೆ. ಅವಳ ಅಪ್ಪ ಹಾಲಿನ ಕ್ಯಾನ್ ಹೊತ್ತು ಓದಿಸವ್ರೆ, ಆ ಕೆಲಸ ಕಳೆಯೋಕೆ ನಾನ್ಯಾರು ಅಂದ್ರು. ಅವಳಾಗೇ ಬಂದ್ರೆ ಬರ್ಲಿ ಅಂದ್ರು."

ನಾನು ನಲ್ಲಿಯ ಕಟ್ಟೆಯ ಮೇಲೆ ಕೂತೆ. ಆಗ ಬಂತು ಅಳು, ಹನ್ನೊಂದು ದಿನ ತಡವಾಗಿ. ಇಷ್ಟು ವರ್ಷ ಆ ಮನುಷ್ಯನನ್ನು ಅನುಮಾನಿಸಿದ್ದೆನಲ್ಲ, ಹಿಂದಿನ ಗೇಟಿನಿಂದ ಕಳ್ಳಿಯ ಹಾಗೆ ಓಡಾಡಿದ್ದೆನಲ್ಲ. ಒಂದೇ ಒಂದು ಸಲ ಮುಂದಿನ ಗೇಟಿಗೆ ಹೋಗಿ ತಪ್ಪಾಯಿತು ಸಾರ್ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ದಿಬಾಕರ ಚೊಂಬಿನಲ್ಲಿ ನೀರು ಕೊಟ್ಟ. ಮುಖ ತೊಳೆದುಕೊಂಡು ಕೇಳಿದೆ, "ಮುಂದಿನ ಡೇಟ್ ಯಾವಾಗ?"

"ಗುರುವಾರ. ಮೌಸಾ ಇಲ್ಲ, ನಾನು ಒಬ್ನೇ."

"ನಾನು ಬರ್ತೀನಿ. ಬಂದು ಹೇಳ್ತೀನಿ."

ಅವನು ಆ ಸ್ಟೂಲಿನ ಮೇಲೆ ಕೂತು ನೋಡಿದ್ದ ಹಾಗೆಯೇ ನನ್ನ ಮುಖ ನೋಡಿದ. ಆಮೇಲೆ ಬಹಳ ಮೆತ್ತಗೆ, "ಬರೆದು ಕೊಡ್ತೀರಾ ಮೇಡಂ?" ಎಂದ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಜಮಾನರ ಮೊಮ್ಮಗಳ ಹತ್ತಿರ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿಸಿಕೊಂಡು, ಕಟ್ಟೆಯ ಮೇಲೆ ಇಟ್ಟುಕೊಂಡೆ. ನಾನು ಕನ್ನಡದಲ್ಲಿ ಶುರು ಮಾಡಿದ್ದನ್ನು ಕಂಡು ಅವನು ತಲೆ ಅಲ್ಲಾಡಿಸಿದ.

"ಇಂಗ್ಲಿಷಲ್ಲಿ ಬರೀರಿ. ಮೌಸಾ ಕನ್ನಡದಲ್ಲಿ ಬರ್ದಿದ್ದ ಅರ್ಜಿ ನಂಗೆ ಓದಕ್ಕೆ ಬರಲಿಲ್ಲ. ಇದು ನಾನು ಓದಬೇಕು."

ಬರೆದೆ. ಗಾರ್ಡ್ ತೆಗೆಸಿದ್ದು ನಾವು. ದಿಬಾಕರ ಅಲ್ಲ. ಆ ಮೀಟಿಂಗಿನಲ್ಲಿ ನಾನಿದ್ದೆ. ಅವನ ಹೆಸರಿನಲ್ಲಿ ಸುಳ್ಳು ಬರೆದವಳೂ ನಾನೇ. ನಾಲ್ಕೇ ಸಾಲು, ಮೂರನೇ ಕ್ಲಾಸಿನ ಮಗು ಬರೆಯುವಂಥ ಇಂಗ್ಲಿಷು.

ಅವನು ಹಾಳೆಯನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಒಂದೊಂದೇ ಪದ ಓದಿದ. ಮುಗಿಸಿ, ಇನ್ನೊಮ್ಮೆ ಮೊದಲಿನಿಂದ ಓದಿದ. ಆಮೇಲೆ ಹಾಳೆಯನ್ನು ನನ್ನ ಮುಂದಿಟ್ಟು, ಕೆಳಗಿನ ಖಾಲಿ ಜಾಗದಲ್ಲಿ ಎಡಗೈಯ ಬೆರಳಿಟ್ಟು ತೋರಿಸಿದ.

"ಇಲ್ಲಿ ಸಹಿ ಹಾಕಿ ಮೇಡಂ. ಪ್ಲೀಸ್."

ಹಾಕಿದೆ.